ಬೆಳ್ಳಕ್ಕಿ ಏಳಲಿ

ಕಲ್ಲೊಡ್ಡಿನ ಶ್ರೀ ಮೌನಯ್ಯಜ್ಜನವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಹೊಳೆಗೆ ಅಡ್ಡಲಾಗಿ ಕಟ್ಟಿದ ಒಡ್ಡು, ಅದರ ನಡುವೆ ದೋಣಿ ಹಿಡಿಸುವಷ್ಟು ಬಾಯಿ, ಬಾಯಿ ಮುಚ್ಚಿದ ಹಲಗೆಗಳು. ಆ ಹಲಗೆ ಕಾಯುವುದೇ ಪೂಜ್ಯರ ಪೂಜೆ. ಬೇಸಿಗೆಯಲ್ಲಿ ಒಡ್ಡಿನ ಕೆಳಗೆ ಮೊಣಕಾಲುದ್ದ ನೀರೂ ಇರದು. ದೋಣಿ ಬಂದಾಗ ಅಜ್ಜನವರು ಹಲಗೆ ಎತ್ತುವರು. ಕೂಡಿಟ್ಟ ನೀರು ಧುಮುಕಿ ಮರಳದಿಬ್ಬಗಳನ್ನು ಮುಳುಗಿಸುವುದು. ಅದರ ಬೆನ್ನೇರಿ ದೋಣಿ ಹರದಾರಿ ದೂರದ ಪೇಟೆ ಕಾಲುವೆ ಸೇರುವುದು. ಹಲಗೆ ಎತ್ತುವಾಗ ಮೀನುಗಳೂ ಬದಿಗೆ ಸರಿದು ಕೈಮುಗಿಯುತ್ತಿದ್ದವು ಎನ್ನುವವರುಂಟು. ಮುಗಿದರೂ ಮುಗಿದಿರಬಹುದು.

ಒಂದು ಮುಂಜಾನೆ, ಹೊಳೆಯಿನ್ನೂ ನಿದ್ದೆಗಣ್ಣಿನಲ್ಲಿರುವಾಗ, ಅಂಬಿಗರ ತಿರುಕಣ್ಣ ಹೆರಿಗೆ ನೋವಿನ ಮಗಳು ನೀಲವ್ವನನ್ನು ದೋಣಿಯಲ್ಲಿ ಮಲಗಿಸಿಕೊಂಡು ಬಂದ. ಕೂಸು ಅಡ್ಡ ತಿರುಗಿತ್ತು. ಅದನ್ನು ಬಲ್ಲ ಸೂಲಗಿತ್ತಿ ಇದ್ದದ್ದು ಪೇಟೆಯಲ್ಲಿ.

"ಲಗೂ ಎತ್ರಿ ಅಜ್ಜಾರ!"

ಪೂಜ್ಯರು ಹಲಗೆ ಎತ್ತಿದರು. ನೀರು ಭೋರ್ಗರೆಯಿತು. ಆದರೆ ದೋಣಿಯ ಹಗ್ಗವನ್ನು ಗೂಟದಿಂದ ಬಿಚ್ಚಲಿಲ್ಲ.

"ಬಿಡ್ರೀ! ನೀರೆಲ್ಲಾ ಮುಂದ ಹೊಂಟೈತಿ!"

"ಹೋಗಲಿ. ಆ ಬೆಳ್ಳಕ್ಕಿ ಏಳಲಿ."

ಒಡ್ಡಿನ ಕೆಳಗೆ ದೂರದ ಮರಳದಿಬ್ಬದ ಮೇಲೆ ಬೆಳ್ಳಕ್ಕಿಯೊಂದು ಒಂಟಿಗಾಲಲ್ಲಿತ್ತು.

"ಅದೇನ್ ನಿಮ್ಮ ಶಿಷ್ಯನೇನ್ರೀ? ನನ್ನ ಮಗಳ ಜೀವ ಹೋಗತೈತಿ ಇಲ್ಲಿ!"

"ಅಪ್ಪಾ, ನಿನ್ನ ಒದರಾಟಕ್ಕ ನನ್ನ ಬ್ಯಾನಿ ಹೆಚ್ಚಾಗತೈತಿ," ಎಂದಳು ನೀಲವ್ವ ಹಲ್ಲು ಕಚ್ಚಿ.

ತಿರುಕಣ್ಣ ಹಗ್ಗ ಕತ್ತರಿಸಲು ಕುಡುಗೋಲು ಎತ್ತಿದ. ಅಷ್ಟರಲ್ಲಿ ಮೊದಲ ನೀರಿನೊಂದಿಗೆ ಓಡಿದ್ದ ಮರದ ಬೊಡ್ಡೆಯೊಂದು, ನೀರು ಇನ್ನೂ ಏರಿರದ ಆ ದಿಬ್ಬಕ್ಕೆ ಬಡಿದು ಮಗುಚಿತು. ಅದು ತನ್ನ ದೋಣಿಯಾಗಬೇಕಿತ್ತು ಎಂದು ಅವನಿಗೆ ಹೊಳೆಯಿತು. ಎತ್ತಿದ ಕೈ ತಾನಾಗಿ ಇಳಿಯಿತು.

ನೀರು ಏರಿ ದಿಬ್ಬ ಮುಳುಗಿತು. ಬೆಳ್ಳಕ್ಕಿ ಎದ್ದಿತು. ಅಜ್ಜನವರು ಹಗ್ಗ ಬಿಚ್ಚಿದರು.

ಗಳ ಊರದೆಯೇ ದೋಣಿ ತೇಲಿತು. ಮರಳು, ಬಂಡೆ, ಎಲ್ಲವೂ ಕನಸಿನಲ್ಲಿ ಕಂಡ ಊರಿನಂತೆ ಅಡಿಯಲ್ಲಿ ಹಾದುಹೋದವು. ನೀಲವ್ವನಿಗೆ ನಡುವೆ ಜೊಂಪು ಹತ್ತಿತಂತೆ.

ಮಧ್ಯಾಹ್ನ ಸೂಲಗಿತ್ತಿ ಬಾಗಿಲಲ್ಲಿ ನಿಂತು "ತಾಯಿ ಕೂಸು ಇಬ್ರೂ ಅರಾಮ" ಅಂದದ್ದೇ ತಡ, ತಿರುಕಣ್ಣ ಹರದಾರಿಯುದ್ದ ದಂಡೆಗುಂಟ ಓಡಿ ಬಂದು ಪೂಜ್ಯರ ಪಾದದ ಮೇಲೆ ಬಿದ್ದ.

"ಕೂಸಿನ ಮಾರಿ ನೋಡಿದ್ಯಾ?" ಎಂದು ಕೇಳಿದರು ಅಜ್ಜನವರು.

ತಿರುಕಣ್ಣ ನೋಡಿರಲಿಲ್ಲ. ಗಂಡೋ ಹೆಣ್ಣೋ ಎಂದು ಕೂಡ ಕೇಳಿರಲಿಲ್ಲ.

"ಮೊದಲು ಅಲ್ಲಿ ಕೈಮುಗಿ, ಹೋಗು."

ಅವನು ಎದ್ದು ಪೇಟೆಯ ದಾರಿ ಹಿಡಿದ. ತಿರುಕಣ್ಣ ಓಡದೆ ನಡೆದದ್ದನ್ನು ದಂಡೆಯ ಅಂಬಿಗರ ಕೇರಿ ಕಂಡದ್ದು ಅಂದೇ ಮೊದಲು.