ಕ್ಲೂ ಎಂಬ ನೂಲಿನ ಉಂಡೆ

ಒಗಟು ಬಿಡಿಸಲಾಗದಾಗ ಕ್ಲೂ ಕೊಡು ಅಂತೀಯಲ್ಲ ಪುಟ್ಟಿ, ಇಂಗ್ಲಿಷರ ಮುತ್ತಾತಂದಿರ ಕಾಲದಲ್ಲಿ ಆ ಹೆಸರು ನೂಲಿನ ಉಂಡೆಗಿತ್ತಂತೆ. ಉಂಡೆ ಬಿಚ್ಚುತ್ತ ಕತ್ತಲೊಳಗೆ ಹೋಗಿ, ಅದೇ ನೂಲು ಹಿಡಿದು ವಾಪಸು ಬಂದವರ ಕತೆಗಳನ್ನು ಹೇಳಿ ಹೇಳಿ, ಆಮೇಲೆ ದಾರಿ ತೋರಿಸುವುದಕ್ಕೆಲ್ಲ ಕ್ಲೂ ಅಂದರಂತೆ. ನೂಲು ಹೋಯಿತು, ಹೆಸರು ಉಳಿಯಿತು. ಅಂಥದೇ ಒಂದು ಉಂಡೆಯ ಕತೆ ಇದು, ಹೊದ್ದುಕೋ.

ಒಂದಾನೊಂದು ಕಾಲದಲ್ಲಿ, ಒಂದು ಗುಡ್ಡದ ಬುಡದಲ್ಲಿ ಸಂಕಣ್ಣ ಅಂತ ನೇಕಾರನಿದ್ದನಂತೆ. ಅವನಿಗೆ ತಾಯಿಯಿಲ್ಲದ ಮೂವರು ಹೆಣ್ಣುಮಕ್ಕಳು: ದ್ಯಾಮಕ್ಕ, ರುದ್ರಕ್ಕ, ಕಿರಿಯವಳು ಚಂದ್ರಿ. ಬಣ್ಣಕ್ಕೆ ಕೆಂಪುಮಣ್ಣು ತರಲು ಗುಡ್ಡದ ಗವಿಗೆ ಹೋದ ಸಂಕಣ್ಣ ಎರಡು ದಿನವಾದರೂ ಬರಲಿಲ್ಲವಂತೆ. ಗವಿಯೊಳಗೆ ಮನುಷ್ಯರನ್ನು ನುಂಗುವ ಭೂತವಿದೆ ಅಂತ ಊರವರು ಯಾರೂ ಕಾಲಿಡಲಿಲ್ಲ. ಭೂತವನ್ನು ಕಂಡವರು ಯಾರು ಅಂತ ಕೇಳಿದರೆ, ಒಬ್ಬೊಬ್ಬರೂ ಪಕ್ಕದವರನ್ನು ತೋರಿಸುತ್ತಿದ್ದರಂತೆ.

ಮೊದಲು ದ್ಯಾಮಕ್ಕ ದೀವಟಿಗೆ ಹಿಡಿದು ಹೋದಳಂತೆ. ಬಾವಲಿಗಳ ರೆಕ್ಕೆ ಬಡಿದು ದೀವಟಿಗೆ ಆರಿದ ಕೂಡಲೇ ಓಡಿ ಬಂದು, ಇನ್ನೊಂದು ತರಲು ಮನೆಗೆ ಹೋದಳಂತೆ. ಆಮೇಲೆ ರುದ್ರಕ್ಕ ಗುರುತಿಗೆ ಜೋಳ ಚೆಲ್ಲುತ್ತ ಹೋದಳಂತೆ. ಬೆನ್ನ ಹಿಂದೆ ಇಲಿಗಳು ಕಟಕಟ ಅಂತ ಕಾಳು ಮುಕ್ಕುವುದು ಕೇಳಿ ಅವಳೂ ತಿರುಗಿ ಬಂದಳಂತೆ. ಆಮೇಲೆ ಚಂದ್ರಿ ಮಗ್ಗದ ನೂಲಿನ ಉಂಡೆ ತಂದು, ಅದರ ತುದಿಯನ್ನು ಗವಿಯ ಬಾಯಿಯ ಕಲ್ಲಿಗೆ ಕಟ್ಟಿದಳಂತೆ. ನೀನು ಭೂತಕ್ಕೆ ಒಂದು ತುತ್ತಿಗೂ ಸಾಲೋದಿಲ್ಲ ಕಣೇ, ಅಂತ ರುದ್ರಕ್ಕ ಛೇಡಿಸಿದಳಂತೆ. ಹಾಗಾದರೆ ನನ್ನನ್ನು ಬಿಟ್ಟೇಬಿಡುತ್ತದೆ ಅಕ್ಕಾ, ಅಂತ ಇವಳು ಉಂಡೆ ಬಿಚ್ಚುತ್ತ ಒಳನಡೆದಳಂತೆ. ರುದ್ರಕ್ಕ ಜನರನ್ನು ಕಾಡಿಬೇಡಿ ಕರೆತರಲು ಊರೊಳಕ್ಕೆ ಓಡಿದಳಂತೆ.

ಒಳಗೆ ತನ್ನ ಕೈ ತನಗೇ ಕಾಣದಷ್ಟು ಕತ್ತಲು. ಎಡಕ್ಕೊಂದು ಕವಲು, ಬಲಕ್ಕೊಂದು ಕವಲು, ಎಲ್ಲೋ ಯಾರದೋ ಉಸಿರು. ಚಂದ್ರಿ ಆ ಉಸಿರಿನ ಕಡೆಗೆ ಹೋಗಿ ತಡವಿದರೆ, ಕಾಲ ಮೇಲೆ ಬಂಡೆ ಬಿದ್ದು ಅಪ್ಪ ನರಳುತ್ತಿದ್ದನಂತೆ. ಉಂಡೆ ಕೆಳಗಿಟ್ಟು ಬಂಡೆ ಉರುಳಿಸಿದಳಂತೆ. ಆಮೇಲೆ ಉಂಡೆಗೆ ಕೈ ಚಾಚಿದರೆ, ಉಂಡೆ ಅಲ್ಲಿಲ್ಲ. ಸರಸರ ಅಂತ ತಾನಾಗಿ ಉರುಳಿ ಹೋಗುತ್ತಿದೆ.

ಭೂತ ಎಳೀತಿದೆ, ಬಿಟ್ಟುಬಿಡು ಮಗಳೇ, ಅಂದನಂತೆ ಅಪ್ಪ. ಬಿಟ್ಟರೆ ಇಬ್ಬರೂ ಇಲ್ಲೇ ಅಪ್ಪಾ, ಅಂತ ಚಂದ್ರಿ ಮೊಣಕಾಲ ಮೇಲೆ ತೆವಳಿ, ಕೊನೆಯ ಗೇಣು ನೂಲನ್ನು ಹಿಡಿದು ಮಣಿಕಟ್ಟಿಗೆ ಸುತ್ತಿಕೊಂಡಳಂತೆ. ನೂಲು ಬಿಗಿಯಿತು. ಇನ್ನೇನು ಹರಿಯಿತು ಅನ್ನುವಾಗ ಎಳೆತ ನಿಂತು, ತುಸು ಸಡಿಲವಾಯಿತಂತೆ.

ಹೊರಗೆ ಆಗಿದ್ದಿಷ್ಟೇ. ನೆಲದ ಮೇಲಿನ ನೂಲನ್ನು ಕಂಡವರು ಸುತ್ತಿಡಬೇಕು ಅನ್ನುವುದು ಮಗ್ಗದ ಮನೆಯ ಕಟ್ಟಳೆ. ದೀವಟಿಗೆ ತಂದ ದ್ಯಾಮಕ್ಕ ನೂಲು ಕಂಡವಳೇ, ಯಾರದು ಏನು ಅಂತ ಕೇಳದೆ, ಕಲ್ಲಿನ ಗಂಟು ಬಿಚ್ಚಿ ಸುತ್ತುತ್ತ ಕೂತಿದ್ದಳಂತೆ. ನೂಲು ಒಳಗೆಲ್ಲೋ ಸಿಕ್ಕಿಕೊಂಡಾಗ ಬೇರೆಯವರಾದರೆ ಜಗ್ಗಿ ಹರಿಯುತ್ತಿದ್ದರು. ಸಿಕ್ಕಿಕೊಂಡ ನೂಲನ್ನು ನೇಕಾರರ ಮಕ್ಕಳು ಜಗ್ಗುವುದಿಲ್ಲ, ಸಡಿಲ ಬಿಟ್ಟು ಬೆರಳಲ್ಲೇ ತೊಡಕು ಹುಡುಕುತ್ತಾರೆ. ಹಾಗೆ ಹುಡುಕುವಾಗ ಅವಳ ಬೆರಳಿಗೆ ಸಿಕ್ಕಿದ್ದು ಒಳಗಿನ ಕೈಯ ನಡುಕ. ಒಳಗಿರುವುದು ಚಂದ್ರಿ ಅಂತ ಅವಳಿಗೆ ಆಗ ಹೊಳೆಯಿತಂತೆ. ಆಮೇಲೆ ನೂಲಿನ ತುದಿ ಗಟ್ಟಿಯಾಗಿ ಹಿಡಿದು ಕದಲದೆ ಕೂತಳಂತೆ.

ಚಂದ್ರಿ ಅಪ್ಪನ ತೋಳನ್ನು ಹೆಗಲಿಗೇರಿಸಿ, ನೂಲು ತಡವುತ್ತ ತಡವುತ್ತ ಬೆಳಕಿಗೆ ಬಂದಳಂತೆ. ನೆಲದ ಮೇಲೆ ಬಿದ್ದಿತ್ತು ಅಪ್ಪಾ, ಅದಕ್ಕೇ ಸುತ್ತಿದೆ, ಅಂತ ದ್ಯಾಮಕ್ಕ ಅತ್ತಳಂತೆ. ಜಗ್ಗಲಿಲ್ಲವಲ್ಲ ತಾಯೀ, ಅಷ್ಟು ಸಾಕು, ಅಂದನಂತೆ ಅಪ್ಪ. ಅಷ್ಟರಲ್ಲಿ, ಊರವರು ಯಾರೂ ಬಾರದೆ, ರುದ್ರಕ್ಕ ಒಬ್ಬಳೇ ಬಂದಳು, ನಾಲ್ವರೂ ಮನೆಗೆ ಹೋಗಿ ಬಿಸಿರೊಟ್ಟಿ ಹಂಚಿಕೊಂಡು ಉಂಡರಂತೆ. ಅಲ್ಲಿಗೆ ಅವರ ಭಯವೂ ಮುಗೀತು, ಕತೆಯೂ ಮುಗೀತು.