ಕೊಂಬಯ್ಯ ಕೊಡದ ಅತ್ತಿಹಣ್ಣು

ಲೇ ಮಕ್ಕಳಾ, ಗಲಾಟೆ ಮಾಡ್ದೆ ಕೂತ್ಕೊಳ್ಳಿ. ಮಂಗಟ್ಟೆ ಹಕ್ಕಿ ವಿಷ್ಯ ನನ್ನಂಗೆ ಹೇಳೋನು ಈ ಸೀಮೇಲಿ ಇನ್ನೊಬ್ಬ ಇಲ್ಲ.

ರಾಜರ ಕಾಲ. ಒಂದೂರಿನ ಮೃಗಾಲಯದಲ್ಲಿ ಕೊಳದ ಪಕ್ಕ ಒಂದು ದೊಡ್ಡ ಪಂಜರ, ಅದರೊಳಗೆ ಕೊಂಬಯ್ಯ ಅನ್ನೋ ಗಂಡು ಮಂಗಟ್ಟೆ. ಅವನ ಕೊಕ್ಕು ಉದ್ದ, ಜಂಬ ಅದಕ್ಕಿಂತ ಉದ್ದ. ಆದ್ರೆ ಜೊತೆಗೆ ಯಾರೂ ಇಲ್ಲ. ಸಾಯಂಕಾಲ ಆದ್ರೆ ಎದುರು ಪಂಜರದ ಗಿಳಿಗಳು ಒಂದಕ್ಕೊಂದು ಆತು ಕೂರೋವು. ಇವನು ಕೊಂಬೆ ತುದೀಲಿ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ಕೂರೋನು.

ಆಫೀಸಿನ ಕಿಟಕೀಲಿ ಕೂರೋ ಕಾಗೆ ಒಂದಿನ ಹಾರಿ ಬಂತು.

“ಮಾವ, ನಿನ್ನ ವಿಷ್ಯ ಇನ್ನೊಂದೂರಿನ ಮೃಗಾಲಯಕ್ಕೆ ಕಾಗದ ಬರೆದ್ರು. ಗುಮಾಸ್ತ ಗಟ್ಟಿಯಾಗಿ ಓದ್ತಿದ್ದ. ‘ನಮ್ಮ ಮಂಗಟ್ಟೆ ಒಂಟಿ. ನಿಮ್ಮ ಹೆಣ್ಣು ಕೊಡಿ, ಬದಲಿಗೆ ಜೋಡಿ ನವಿಲು ಕಳಿಸ್ತೀವಿ’ ಅಂತ.”

“ನಾನೇನು ಕೇಳಿದ್ನಾ?” ಅಂದ ಕೊಂಬಯ್ಯ. ಅವತ್ತೆಲ್ಲ ರೆಕ್ಕೆ ತೀಡಿಕೊಂಡಿದ್ದೇ ತೀಡಿಕೊಂಡಿದ್ದು.

ಹೆಣ್ಣು ರೈಲಲ್ಲಿ ಬಂದ್ಲು. ಹಕ್ಕಿ ನೋಡ್ಕೊಳ್ಳೋ ದಸ್ತಗೀರ ಅವಳನ್ನ ಪಕ್ಕಕ್ಕೇ ಬಿಟ್ಟ, ನಡುವೆ ಒಂದು ಜಾಲರಿ. ಮಂಗಟ್ಟೆ ಜಾತೀಲಿ ಗಂಡು ಹಣ್ಣು ತಂದು ಹೆಣ್ಣಿನ ಕೊಕ್ಕಿಗೆ ಕೊಡಬೇಕು. ಕೊಟ್ರೆ ಒಪ್ಪಿದಂಗೆ, ಆಮೇಲೆ ಜಾಲರಿ ತೆಗೆಯೋದು. ಅದಕ್ಕೇ ಅತ್ತಿಹಣ್ಣು ಕೊಂಬಯ್ಯನ ಕಡೆಗೆ ಮಾತ್ರ ಇಟ್ಟಿದ್ದ.

“ಹಣ್ಣು ಚೆನ್ನಾಗಿದೆಯಾ?” ಅಂದ್ಲು ಅವಳು.

“ಚೆನ್ನಾಗಿರದೆ ಏನು?”

“ನಾನು ಅತ್ತಿಹಣ್ಣು ತಿಂದು ಬಹಳ ದಿನ ಆಯ್ತು.”

ಕೊಂಬಯ್ಯ ಹಣ್ಣಿನ ರಾಶಿ ಕೆದಕಿದ. ಒಳ್ಳೇ ಹಣ್ಣೊಂದನ್ನ ಕೊಕ್ಕಿನ ತುದೀಲಿ ಹಿಡಿದ. ಆಮೇಲೆ, ನಾನೇ ಹೋಗಿ ಕೊಟ್ರೆ ನನ್ನ ಬೆಲೆ ಏನಾಗ್ಬೇಕು ಅಂತ ಗುಳುಂ ಅಂತ ನುಂಗಿಬಿಟ್ಟ.

“ಕೊಡು ಮಾವ, ದಸ್ತಗೀರ ನೋಡ್ತಾ ನಿಂತಿದ್ದಾನೆ,” ಅಂತು ಕಾಗೆ.

“ನಿನ್ನ ಕೆಲಸ ನೋಡ್ಕೋ. ನನ್ನ ಕೊಕ್ಕು ನೋಡೋಕೆ ಜನ ಎಲ್ಲೆಲ್ಲಿಂದಲೋ ಬರ್ತಾರೆ. ಇವಳು ಜಾಲರಿ ತನಕ ಬರಕ್ಕಾಗಲ್ವಾ?”

ಅವಳು ಜಾಲರಿಗೆ ಕೊಕ್ಕು ತಾಗಿಸ್ಕೊಂಡೇ ಕೂತಿದ್ಲು. ಇವನು ಬೆನ್ನು ಹಾಕಿದ್ದ, ಕಾಣಲಿಲ್ಲ. ದಿನಾ ಇದೇ ಆಯ್ತು.

ಒಂದು ಬೆಳಿಗ್ಗೆ ಕಾಗೆ ಏದುಸಿರು ಬಿಡ್ತಾ ಬಂತು.

“ಮಾವ, ನೀನು ಒಪ್ತಿಲ್ಲ ಅಂತ ಇವರು ಬರೆದ ಕಾಗದಕ್ಕೆ ಉತ್ತರ ಬಂತು. ‘ನಿಮ್ಮ ಗಂಡು ಒಪ್ಪದಿದ್ರೆ ಬೇರೆ ಊರಿನವರು ಕೇಳಿದ್ದಾರೆ, ಅವರಿಗೆ ಕಳಿಸಿ. ಪೆಟ್ಟಿಗೆ ಬಿಸಿಲಲ್ಲಿ ಇಡಬೇಡಿ, ದಾರೀಲಿ ನೀರು ಕೊಡಿ’ ಅಂತ.”

ಕೊಂಬಯ್ಯ ತಿರುಗಿ ನೋಡಿದ. ದಸ್ತಗೀರ ಅವಳನ್ನ ಒಳಗೆ ಬಿಟ್ಟು ಪೆಟ್ಟಿಗೆ ಬಾಗಿಲು ಹಾಕ್ತಿದ್ದ. ಕೊಂಬಯ್ಯ ಇರೋದ್ರಲ್ಲೇ ಹಣ್ಣಾದ ಅತ್ತಿ ಹುಡುಕಿ, ಹಾರಿ ಬಂದು ಜಾಲರಿಯ ಕಣ್ಣಲ್ಲಿ ಕೊಕ್ಕು ತೂರಿಸಿದ.

ದಸ್ತಗೀರ ಕೈಯಲ್ಲಿ ಪೆಟ್ಟಿಗೆ ಹಿಡ್ಕೊಂಡೇ ನಿಂತ.

“ತಡ ಮಾಡಿಬಿಟ್ಟೆಯಲ್ಲೋ ರಾಜ. ಆ ಊರಿನವರಿಗೆ ಆಗ್ಲೇ ಮಾತು ಕೊಟ್ಟಾಯ್ತು.”

ಗಾಡಿ ಹೋಯ್ತು. ಕೊಂಬಯ್ಯ ಕೊಕ್ಕು ಹಿಂದಕ್ಕೆ ತಗೊಳ್ಳದೆ ಬಹಳ ಹೊತ್ತು ಹಂಗೇ ಇದ್ದ.

ಸಾಯಂಕಾಲ ಗಿಳಿಗಳು ಆತು ಕೂತವು. ಕೊಂಬಯ್ಯ ಕೊಂಬೆ ತುದೀಲಿ ಕೂತು, ಪಕ್ಕದ ಖಾಲಿ ಜಾಗದಲ್ಲಿ ಆ ಹಣ್ಣಿಟ್ಟ. ಬೆಳಗಾಗೋದ್ರೊಳಗೆ ಅದಕ್ಕೆ ಇರುವೆ ಮುತ್ತಿತ್ತು.

ನೀತಿ: ಬೇಕಾದವರ ಮುಂದೆ ಬಿಗುಮಾನ ತೋರಿಸಿದ್ರೆ, ಕೊನೇಲಿ ಜೊತೆಗೆ ಉಳಿಯೋದು ಬಿಗುಮಾನ ಒಂದೇ.