ದಡದಲ್ಲಿ ಕೂತ ಗುರು

ಹೊಳೆ ಕಡಲು ಸೇರುವ ಜಾಗದಲ್ಲಿ, ಕಪ್ಪು ಬಂಡೆಗಳ ಮೇಲ್ಗಡೆ ಒಂದು ಗುಡಿಸಲಿತ್ತು. ಅಲ್ಲಿ ಮಂಕಾಳಜ್ಜ ಎಂಬ ಮುದುಕರಿದ್ದರು. ದೋಣಿಯಿಲ್ಲದೆ ದಡದಿಂದಲೇ ನೀರಿಗಿಳಿದು, ಮುಳುಗಿ, ತಳದ ಕಲ್ಲು ಮುಟ್ಟಿ ಬರುವ ವಿದ್ಯೆಯಲ್ಲಿ ಆ ಸೀಮೆಗೇ ಅವರು ಗುರು.

ಅವರನ್ನು ಹುಡುಕಿಕೊಂಡು ದೇವಿದಾಸ ಬಂದ. ಮೀಸೆಯಲ್ಲಿ ಆಗಲೇ ನರೆ ಇಣುಕಿದ್ದ ಗಂಡಸು.

"ಮುಳುಗೋದು ಕಲಿಸಿ, ಅಜ್ಜ."

"ಎಂತಕ್ಕೆ ತಮಾ? ಕಲ್ಲಿನ ಚಿಪ್ಪಿ ಕೀಳ್ಲಿಕ್ಕಾ?"

"ಅಲ್ಲ. ಕಡಲು ಎಷ್ಟೇ ಕೆರಳಿದ್ರೂ ಇಳಿಯೋ ಹಾಗಾಗಬೇಕು."

ಅಜ್ಜ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಕೈಕಾಲು ತೊಳ್ಕೊಂಡು ಬಾ. ಊಟಕ್ಕೆ ಹೊತ್ತಾಯ್ತು."

ದೇವಿದಾಸ ಅಲ್ಲೇ ಉಳಿದ. ಉಸಿರು ಕಟ್ಟುವುದನ್ನು ಕಲಿತ. ಉಪ್ಪುನೀರಿನಲ್ಲಿ ಕಣ್ಣು ತೆರೆಯುವುದನ್ನು ಕಲಿತ. ಬಂಡೆಯ ಮೈ ಸವರುತ್ತ ತಳಕ್ಕಿಳಿದು, ಅವಸರವಿಲ್ಲದೆ ಮೇಲೇಳುವುದನ್ನು ಕಲಿತ.

ಆದರೆ ಅದೆಲ್ಲ ಕಡಲು ಶಾಂತವಾಗಿದ್ದ ದಿನಗಳಲ್ಲಿ. ನೀರು ಕೆರಳಿದ ದಿನ ಅಜ್ಜ ಅವನನ್ನು ಬಂಡೆಯ ಮೇಲೆ ಕೂರಿಸುತ್ತಿದ್ದರು.

"ಎಂತ ಕಂಡೆ?"

"ತೆರೆ."

"ಮತ್ತೆ?"

"ಮತ್ತೂ ತೆರೆ."

"ಹಾಗಾದ್ರೆ ಇನ್ನೂ ಸ್ವಲ್ಪ ಹೊತ್ತು ಕೂತ್ಕೊ."

ಒಂದು ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಕಡಲು ಮಾತ್ರ ಉಬ್ಬಿ ಉಬ್ಬಿ ಬಂದು ಬಂಡೆಗೆ ಅಪ್ಪಳಿಸುತ್ತಿತ್ತು. ದೂರದಲ್ಲೆಲ್ಲೋ ಬಿರುಗಾಳಿ ಎದ್ದಿರಬೇಕು.

"ಇವತ್ತು ಇಳೀತೇನೆ ಅಜ್ಜ."

"ಇವತ್ತು ಬೇಡ."

"ಇಂಥ ದಿನಕ್ಕೇ ಅಲ್ವಾ ನಾನು ಕಲಿತದ್ದು?"

"ಬೇಡ ತಮಾ."

ಅಜ್ಜ ಕೊಡ ಹಿಡಿದು ಬಾವಿಯ ಕಡೆ ಹೋದರು. ದೇವಿದಾಸ ಬಂಡೆಯ ತುದಿಗೆ ಹೋದ.

ತೆರೆ ಏರುವುದನ್ನೇ ಕಾದು ಧುಮುಕಿದ. ಇಳಿಯುವ ನೀರು ಅವನನ್ನು ಆಚೆಗೆ ಎಳೆದುಕೊಂಡು ಹೋಯಿತು. ಇಷ್ಟು ಸಲೀಸೇ ಅನ್ನಿಸಿ ಅವನಿಗೆ ಹಿಗ್ಗಾಯಿತು. ಉಸಿರು ತುಂಬಿಕೊಂಡು ಮುಳುಗಿದ.

ಕೆಳಗೆ ಮರಳೆದ್ದು ಹೊಗೆಯಂತೆ ಕವಿದಿತ್ತು. ಅವನ ಅಂಗೈ ಅವನಿಗೇ ಕಾಣಲಿಲ್ಲ. ನೀರು ಎತ್ತಲಿಂದಲೋ ತಳ್ಳಿತು. ಭುಜ ಕಲ್ಲಿಗೆ ತರಚಿ ಚುರ್ ಎಂದಿತು. ಗಾಬರಿಯಿಂದ ಮೇಲೆ ಬಂದು ದಡದ ಕಡೆ ತಿರುಗಿದ.

ಅವನಿಗೆ ಗೊತ್ತಿದ್ದ ದಡ ಅಲ್ಲಿರಲಿಲ್ಲ. ತೆರೆಗಳ ಬೆನ್ನು ಕಾಣುತ್ತಿತ್ತು, ಅದರಾಚೆ ಬರೀ ನೊರೆ.

ಈಜಿದ. ಹಿಮ್ಮರಳುವ ನೀರು ಅವನನ್ನು ಎಳೆದು ಹಿಂದಕ್ಕೆ ಹಾಕಿತು. ಮತ್ತೆ ಈಜಿದ. ಈ ಸಲ ತೆರೆ ಅವನನ್ನು ಬಂಡೆಯ ಮೂಗಿನವರೆಗೂ ಒಯ್ದು ಇನ್ನೇನು ಬಡಿಯಿತು ಅನ್ನುವಾಗ ಕಸಿದುಕೊಂಡಿತು. ಬಾಯಿ ತುಂಬ ಉಪ್ಪುನೀರು. ತೋಳು ಸೋತಿತ್ತು.

ಆಗ ಬಂಡೆಯ ಮೇಲೆ ಅಜ್ಜ ಕಂಡರು.

"ಅಜ್ಜಾ!"

ಅಜ್ಜ ಹೆಗಲ ಮೇಲಿನ ಪಂಜಿ ಬಟ್ಟೆ ತೆಗೆದು ಸೊಂಟಕ್ಕೆ ಬಿಗಿದರು. ಈಗ ಧುಮುಕುತ್ತಾರೆ ಅಂದುಕೊಂಡ ದೇವಿದಾಸ.

ಅಜ್ಜ ಕೂತರು.

ಒದ್ದೆ ಕಲ್ಲಿನ ಮೇಲೆ, ಅವನಿಗೆದುರಾಗಿ ಕೂತು, ಒಂದು ಅಂಗೈಯನ್ನು ಎತ್ತಿ ಹಿಡಿದರು. ಅಲ್ಲೇ ನಿಲ್ಲು ಅನ್ನುವ ಹಾಗೆ.

ದೇವಿದಾಸನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಇನ್ನೊಮ್ಮೆ ನುಗ್ಗಿ, ಇನ್ನೊಮ್ಮೆ ಏಟು ತಿಂದ. ಅಂಗೈ ಇಳಿಯಲಿಲ್ಲ. ತೆರೆ ಒಡೆದಾಗೆಲ್ಲ ಅಜ್ಜ ನೀರಿನ ಹಿಂದೆ ಮರೆಯಾಗುತ್ತಿದ್ದರು. ನೀರು ಇಳಿದರೆ ಅಲ್ಲೇ ಇರುತ್ತಿದ್ದರು, ತೊಯ್ದು ತೊಪ್ಪೆಯಾಗಿ.

ಕೊನೆಗೆ ಅವನು ಹೋರಾಡುವುದನ್ನು ಬಿಟ್ಟ. ತೆರೆ ಒಡೆಯುವ ಜಾಗದಿಂದ ಆಚೆ ಸರಿದು ಅಂಗಾತ ತೇಲಿದ. ಕಡಲು ಅವನನ್ನು ಎತ್ತಿತು, ಇಳಿಸಿತು. ಎತ್ತಿದಾಗೆಲ್ಲ ಅಜ್ಜ ಕಾಣುತ್ತಿದ್ದರು.

ಹೊತ್ತು ವಾಲಿತು. ಎದೆಬಡಿತ ತಗ್ಗಿತು. ಆಮೇಲೆ ಅವನಿಗೆ ತಿಳಿಯತೊಡಗಿತು: ದೊಡ್ಡ ತೆರೆಗಳು ಗುಂಪುಗೂಡಿ ಬರುತ್ತವೆ. ಅವು ಹೋದ ಮೇಲೆ ಕಡಲು ಚೂರು ದಣಿವಾರಿಸಿಕೊಳ್ಳುತ್ತದೆ.

ಅಂಥದೊಂದು ಗುಂಪು ದಾಟಿತು. ಅಜ್ಜನ ಅಂಗೈ ಇಳಿಯಿತು. ಮರುಗಳಿಗೆ ಎರಡೂ ತೋಳು ಚಾಚಿ ಕೂಗಿದರು.

"ಈಗ ಬಾ!"

ಬಂದ. ಒಂದು ಸಣ್ಣ ತೆರೆ ಅವನನ್ನು ಎತ್ತಿ ಬಂಡೆಯ ಅಂಚಿಗೆ ತಂದಿತು. ಅಜ್ಜನ ಕೈ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

ಗುಡಿಸಲಿನಲ್ಲಿ ಅಜ್ಜ ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಲಸಿ ಅವನ ಭುಜಕ್ಕೆ ಹಚ್ಚಿದರು. ಮುಂದೆ ಗಂಜಿ ಇಟ್ಟರು.

"ಬೈಯಿರಿ ಅಜ್ಜ."

"ಗಂಜಿಗೆ ಉಪ್ಪು ಹಾಕ್ಲಿಲ್ಲ. ನೀನು ಕುಡಿದದ್ದೇ ಸಾಕು."

ದೇವಿದಾಸನಿಗೆ ನಗಲಾಗಲಿಲ್ಲ.

"ನೀವು ಎಂತಕ್ಕೆ ನೀರಿಗೆ ಇಳೀಲಿಲ್ಲ?"

"ನಾನೂ ಇಳಿದಿದ್ರೆ ದಡದಲ್ಲಿ ಯಾರಿರ್ತಿದ್ರು?"

ದೇವಿದಾಸ ಬಟ್ಟಲನ್ನು ಕೆಳಗಿಟ್ಟ. ಬಂದಂದಿನಿಂದ ಹೇಳದೆ ಇಟ್ಟುಕೊಂಡದ್ದು ಬಾಯಿಗೆ ಬಂತು.

"ನನ್ನ ತಮ್ಮ ಪುಂಡಲೀಕ ಹೀಗೇ ಹೋದ, ಅಜ್ಜ. ನಾನು ದಡದಲ್ಲಿದ್ದೆ. ಆಗ ನನಗೆ ಈಜು ಬರ್ತಿರಲಿಲ್ಲ. ಕೈಯೆತ್ತಿ ಅವನ ಹೆಸರು ಕೂಗ್ತಾ ನಿಂತಿದ್ದೆ. ಅವ ನನ್ನನ್ನೇ ನೋಡ್ತಿದ್ದ. ಕೊನೇ ತನಕ ನನ್ನನ್ನೇ ನೋಡ್ತಿದ್ದ. ನಾನು ಏನೂ ಮಾಡ್ಲಿಲ್ಲ."

ಅಜ್ಜ ಅವನ ಬೆನ್ನ ಮೇಲೆ ಕೈಯಿಟ್ಟರು.

"ಇವತ್ತು ನೀರಲ್ಲಿ ನೀನು ಯಾರನ್ನ ನೋಡ್ತಿದ್ದೆ?"

"ನಿಮ್ಮನ್ನ."

"ನಾನು ಎಂತ ಮಾಡ್ತಿದ್ದೆ?"

"ಕೂತಿದ್ರಿ."

"ನಿನಗೆ ಹೇಗನ್ನಿಸ್ತು?"

ದೇವಿದಾಸ ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದ.

"ಮೊದಮೊದಲು ಸಿಟ್ಟು ಬಂತು. ಆಮೇಲೆ... ನಾನು ಒಬ್ಬನೇ ಅಲ್ಲ ಅನ್ನಿಸ್ತು."

ಅಜ್ಜ ಅವನ ಒದ್ದೆ ತಲೆಯನ್ನು ಒಣ ಪಂಜಿಯಿಂದ ಮೆಲ್ಲಗೆ ಒರೆಸಿದರು.

"ಪುಂಡಲೀಕನೂ ಒಬ್ಬನೇ ಹೋಗ್ಲಿಲ್ಲ, ತಮಾ."